ಕೇಳಿ–ತಿಳಿಯಿರಿ: ರಾಕೆಟ್ ಕ್ಲಬ್ಬಿನ ಉಡಾವಣಾ ಸಾಮಾನಿನ ಜೋಪಾನ

ಈ ಸಲ ಬಂದ ಪತ್ರಗಳಲ್ಲಿ ಮಾದರಿ ರಾಕೆಟ್ ಹವ್ಯಾಸಿಗಳವು ಒಂದು ಕಟ್ಟೇ ಆಗುವಷ್ಟಿವೆ. ಹೆಚ್ಚಿನವನ್ನು ಬರೆದವರು ಅಮೆರಿಕದ ಕ್ಲಬ್ಬುಗಳಿಗೆ ಮಕ್ಕಳನ್ನು ಕರೆದುಕೊಂಡು ಹೋಗುವ ಕನ್ನಡಿಗ ತಂದೆತಾಯಂದಿರು. ಎರಡು ಪತ್ರ ಕರ್ನಾಟಕದವು. ಕ್ಲಬ್ಬಿನಲ್ಲಿ ರಾಕೆಟ್ ಅವರವರದು. ರಾಕೆಟ್ ನಿಲ್ಲಿಸುವ ಪ್ಯಾಡ್, ಅದನ್ನು ನೇರವಾಗಿ ಏರಿಸುವ ರಾಡ್, ದೂರದಿಂದ ಹೊತ್ತಿಸುವ ಗುಂಡಿಯ ಪೆಟ್ಟಿಗೆಯಾದ ಕಂಟ್ರೋಲರ್, ತಂತಿ, ಬ್ಯಾಟರಿ ಎಲ್ಲರದು. ತಮ್ಮ ರಾಕೆಟ್ಟಿಗೆ ಮೂರು ಕೋಟು ಬಣ್ಣ ಬಳಿದು ಉಜ್ಜುವವರೂ, ಮೋಟಾರಿಗೆ ಕಿಡಿ ಹಚ್ಚುವ ಇಗ್ನೈಟರಿಗೆ ತಂತಿ ಸಿಕ್ಕಿಸುವ ಕ್ಲಬ್ಬಿನ ಕ್ಲಿಪ್ಪನ್ನು ಒಮ್ಮೆಯೂ ಒರೆಸಿರುವುದಿಲ್ಲ. ಸಾಮಾನು ಕೈಕೊಟ್ಟಾಗ ರಾಕೆಟ್ ಹೊತ್ತಿಕೊಳ್ಳುವುದಿಲ್ಲ. ಹೊತ್ತಿಕೊಳ್ಳದ ಪ್ರತಿಯೊಂದು ರಾಕೆಟ್ಟಿನ ಬಳಿಗೂ ಯಾರಾದರೊಬ್ಬರು ಮತ್ತೆ ನಡೆದುಹೋಗಲೇಬೇಕು, ಆಗ ಮೋಟಾರಿನೊಳಗಿನ ಮದ್ದು ಹಾಗೇ ಇರುತ್ತದೆ. ಆದ್ದರಿಂದ ಸಾಮಾನಿನ ಜೋಪಾನವನ್ನು ನಾವು ಸುರಕ್ಷತೆಯ ಮೊದಲ ಕೆಲಸವೆಂದೇ ಎಣಿಸುತ್ತೇವೆ. ಮುಂದಿನ ಉತ್ತರಗಳನ್ನು ಆ ದೃಷ್ಟಿಯಿಂದ ಓದಬೇಕು.

ಪ್ರಶ್ನೆ: ನಮ್ಮ ಕ್ಲಬ್ಬಿನ ಕಂಟ್ರೋಲರಿನಲ್ಲಿ ಕಂಟಿನ್ಯೂಟಿ ದೀಪ (ತಂತಿಯ ದಾರಿ ಕಡಿಯದೆ ಕೂಡಿದೆ ಎಂದು ತೋರಿಸುವ ದೀಪ) ಚೆನ್ನಾಗಿಯೇ ಉರಿಯುತ್ತದೆ. ಆದರೆ ಗುಂಡಿ ಒತ್ತಿದರೆ ಐದರಲ್ಲಿ ಎರಡು ರಾಕೆಟ್ ಕದಲುವುದಿಲ್ಲ. ಬ್ಯಾಟರಿ ಹೊಸದು. ಎಲ್ಲರೂ ಇಗ್ನೈಟರನ್ನೇ ದೂರುತ್ತಾರೆ. ತಪ್ಪು ಎಲ್ಲಿದೆ? — ಓದುಗರು, ಡಲ್ಲಾಸ್

ಹಾರದೆ ಉಳಿದ ರಾಕೆಟ್ಟಿನ ಇಗ್ನೈಟರನ್ನು ಹೊರತೆಗೆದು ನೋಡಿ. ತುದಿ ಸುಟ್ಟು ಸಣ್ಣ ತಂತಿ ಕಡಿದಿದ್ದರೆ ಕಂಟ್ರೋಲರ್ ತನ್ನ ಕೆಲಸ ಮಾಡಿದೆ. ಇಗ್ನೈಟರಿನ ತುದಿ ಮದ್ದಿಗೆ ತಾಗಿರಲಿಲ್ಲ, ಇಲ್ಲವೇ ಅದನ್ನು ಒತ್ತಿ ಹಿಡಿಯುವ ಪ್ಲಾಸ್ಟಿಕ್ ಪ್ಲಗ್ ಸಡಿಲವಾಗಿತ್ತು. ತುದಿ ಹೊಸದರಂತೆಯೇ ಇದ್ದರೆ ತಪ್ಪು ಕ್ಲಬ್ಬಿನ ಸಾಮಾನಿನದು. ಇಗ್ನೈಟರನ್ನು ದೂರುವ ಮುಂಚೆ ಇಷ್ಟು ನೋಡಿದರೆ ಅರ್ಧ ವಾದ ಅಲ್ಲೇ ಮುಗಿಯುತ್ತದೆ.

ಕಂಟಿನ್ಯೂಟಿ ದೀಪ ಉರಿದ ಮಾತ್ರಕ್ಕೆ ತಂತಿಯ ದಾರಿ ಚೆನ್ನಾಗಿದೆ ಎಂದು ನಂಬಬೇಡಿ. ಆ ದೀಪ ಒಂದು ಎಲ್‌ಇಡಿ. ಅದರ ಮೂಲಕ ಹರಿಯುವುದು 20 ಮಿಲಿಆಂಪ್ ಆಸುಪಾಸು. ದಾರಿಯಲ್ಲಿ ಎಲ್ಲೋ 5 ಓಮ್‌ನಷ್ಟು ತಡೆ ಒಡ್ಡುವ ತುಕ್ಕು ಕೂತಿದ್ದರೂ ಅಷ್ಟು ಕಡಿಮೆ ಕರೆಂಟಿಗೆ ಅಲ್ಲಿ ಕಳೆದುಹೋಗುವುದು 0.1 ವೋಲ್ಟ್ ಮಾತ್ರ. ದೀಪದ ಬೆಳಕಿನಲ್ಲಿ ಅದು ಗೊತ್ತಾಗುವುದೇ ಇಲ್ಲ. ಗುಂಡಿ ಒತ್ತಿದಾಗ ಬೇಕಾಗುವುದು ಮಿಲಿಆಂಪ್ ಅಲ್ಲ, ಆಂಪ್. ಬೀದಿಯಲ್ಲಿ ಎಲ್ಲರೂ ನಲ್ಲಿ ತಿರುಗಿಸಿದಾಗ ಕೊನೆ ಮನೆಗೆ ಹನಿ ಹನಿಯಾಗಿ ಬರುವ ನೀರಿನಂತೆ, ಕರೆಂಟು ಹೆಚ್ಚು ಬೇಕಾದ ಆ ಕ್ಷಣದಲ್ಲೇ ತಂತಿಯ ದೋಷ ಹೊರಬೀಳುತ್ತದೆ.

ಲೆಕ್ಕ ಹಾಕಿ ನೋಡೋಣ. 18 ಗೇಜ್ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.021 ಓಮ್. ಪ್ಯಾಡ್ 30 ಮೀಟರ್ ದೂರದಲ್ಲಿದ್ದರೆ ಹೋಗುವ, ಬರುವ ಎರಡೂ ತಂತಿ ಸೇರಿ 60 ಮೀಟರ್, ಅಂದರೆ 1.26 ಓಮ್. ಇಗ್ನೈಟರ್ 0.8, ಸ್ವಿಚ್ ಮತ್ತು ಬ್ಯಾಟರಿಯ ಒಳಗಿನದು 0.2 ಎಂದು ಹಿಡಿದರೆ ಒಟ್ಟು 2.3 ಓಮ್ ಹತ್ತಿರ. 12.6 ವೋಲ್ಟಿಗೆ ಸುಮಾರು 5.5 ಆಂಪ್ ಹರಿಯುತ್ತದೆ, ಇಗ್ನೈಟರ್ ತಕ್ಷಣ ಹೊತ್ತಿಕೊಳ್ಳುತ್ತದೆ. ಈಗ ಕ್ಲಿಪ್ಪಿನ ಹಲ್ಲಿನಲ್ಲಿ ಮಸಿ, ಪ್ಲಗ್ಗಿನಲ್ಲಿ ಹಸಿರು ಕಿಲುಬು, ಒಂದು ಬೆಸುಗೆಯಲ್ಲಿ ಬಿರುಕು, ಎಲ್ಲ ಸೇರಿ 3 ಓಮ್ ಹೆಚ್ಚಾದರೆ ಕರೆಂಟು 2.4 ಆಂಪಿಗೆ ಇಳಿಯುತ್ತದೆ. ಸಾಮಾನ್ಯ ಇಗ್ನೈಟರಿಗೆ 2ರಿಂದ 3 ಆಂಪ್ ಬೇಕು. ಅಂದರೆ ನೀವು ಅಂಚಿನಲ್ಲಿದ್ದೀರಿ. ಒಂದು ಹೊತ್ತಿಕೊಳ್ಳುತ್ತದೆ, ಇನ್ನೊಂದು ಇಲ್ಲ. ಐದರಲ್ಲಿ ಎರಡು ಸೋಲುವುದು ಇದಕ್ಕೇ.

ದೋಷ ಇರುವ ಜಾಗ ಹುಡುಕಲು ಒಂದು ಮಲ್ಟಿಮೀಟರ್, 12 ವೋಲ್ಟ್ 55 ವ್ಯಾಟಿನ ಕಾರ್ ಹೆಡ್‌ಲೈಟ್ ಬಲ್ಬ್ ಸಾಕು. ಪ್ಯಾಡಿನ ಮೇಲೆ ರಾಕೆಟ್, ಮೋಟಾರು, ಇಗ್ನೈಟರ್ ಯಾವುದೂ ಇರಬಾರದು. ಇಗ್ನೈಟರಿನ ಜಾಗದಲ್ಲಿ ಬಲ್ಬ್ ಸಿಕ್ಕಿಸಿ. ಒಬ್ಬರು ಗುಂಡಿ ಒತ್ತಿ ಹಿಡಿದಿರುವಾಗ ಇನ್ನೊಬ್ಬರು ಮೂರು ಕಡೆ ವೋಲ್ಟೇಜ್ ಅಳೆಯಲಿ: ಬ್ಯಾಟರಿಯ ಟರ್ಮಿನಲ್ ಮೇಲೆ, ಕಂಟ್ರೋಲರಿನಿಂದ ತಂತಿ ಹೊರಬರುವ ಕಡೆ, ಕ್ಲಿಪ್ಪಿನ ತುದಿಯಲ್ಲಿ. ಮೊದಲ ಎರಡರ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ಕಳೆದರೆ ಕಂಟ್ರೋಲರನ್ನು ಹಾಕುವ–ಆರಿಸುವ ಕೀಲಿ, ಗುಂಡಿ ಅಥವಾ ಫ್ಯೂಸಿನ ಹಿಡಿ ಕೆಟ್ಟಿದೆ. ಮೇಲೆ ಹೇಳಿದ ತಂತಿ ಸರಿಯಾಗಿದ್ದರೆ ಕ್ಲಿಪ್ಪಿನಲ್ಲಿ ಸುಮಾರು 8 ವೋಲ್ಟ್ ಸಿಗಬೇಕು. 4 ಅಥವಾ 5 ಸಿಕ್ಕರೆ ದಾರಿಯಲ್ಲಿ ದೋಷವಿದೆ. ಪ್ಲಗ್ಗುಗಳನ್ನು ಒಂದೊಂದಾಗಿ ಅಲುಗಾಡಿಸುತ್ತ ಬನ್ನಿ, ಬಲ್ಬಿನ ಬೆಳಕು ಎಲ್ಲಿ ಮಿಣುಕುತ್ತದೋ ಅಲ್ಲೇ ರೋಗ. ಎಲ್ಲವೂ ಸರಿಯಿರುವ ದಿನ ಪ್ರತಿ ಪ್ಯಾಡಿನ ಅಳತೆಯನ್ನೂ ಬರೆದಿಟ್ಟುಕೊಂಡರೆ ಮುಂದೆ ಹೋಲಿಸಲು ಆಧಾರ ಸಿಗುತ್ತದೆ.

ಹೆಚ್ಚಿನ ಸಲ ಅಪರಾಧಿ ಕ್ಲಿಪ್ಪೇ. ಕಪ್ಪು ಮದ್ದಿನ ಮೋಟಾರು ಉಗುಳುವ ಮಸಿಯಲ್ಲಿ ಪೊಟ್ಯಾಸಿಯಂ ಲವಣಗಳಿರುತ್ತವೆ, ಅವು ಗಾಳಿಯ ತೇವ ಹೀರಿ ಲೋಹವನ್ನು ತಿನ್ನುತ್ತವೆ. ರಬ್ಬರಿನಂಥ ಮದ್ದು ತುಂಬಿದ ಕಾಂಪೊಸಿಟ್ ಮೋಟಾರಿನ ಹೊಗೆಯಲ್ಲಿ ಹೈಡ್ರೋಜನ್ ಕ್ಲೋರೈಡ್ ಇರುತ್ತದೆ. ಸಂಜೆಯ ಇಬ್ಬನಿ ಕೂತರೆ ಅದು ಆಮ್ಲವೇ. ಪ್ರತಿ ಉಡಾವಣೆಯಾದ ಮೇಲೂ ಕ್ಲಿಪ್ಪಿನ ಹಲ್ಲುಗಳನ್ನು 220 ನಂಬರಿನ ಉಪ್ಪುಕಾಗದದ ಚೂರಿನಿಂದ ಎರಡು ಸಲ ಉಜ್ಜಬೇಕು, ಹತ್ತು ಸೆಕೆಂಡಿನ ಕೆಲಸ. ಕಾಗದವನ್ನು ದಾರ ಕಟ್ಟಿ ಪ್ರತಿ ಪ್ಯಾಡಿನ ಕಾಲಿಗೇ ನೇತುಹಾಕಿ. ಡಬ್ಬಿಯಲ್ಲಿಟ್ಟರೆ ಯಾರೂ ತೆಗೆಯುವುದಿಲ್ಲ.

ತಂತಿಯ ಕೊನೆಯ ಒಂದು ಮೀಟರನ್ನು ಪ್ಲಗ್ ಹಾಕಿ ಪ್ರತ್ಯೇಕ ತುಂಡು ಮಾಡಿಟ್ಟುಕೊಳ್ಳುವುದು ನಮಗೆ ಬಹಳ ಒಪ್ಪಿಗೆಯಾದ ಏರ್ಪಾಡು. ಬೆಂಕಿಯ ಬಾಯಿಗೆ ಬೀಳುವುದು ಆ ತುಂಡು ಮಾತ್ರ. ಕೆಟ್ಟರೆ ಮೈದಾನದಲ್ಲೇ ಬಿಚ್ಚಿ ಇನ್ನೊಂದು ಸಿಕ್ಕಿಸಬಹುದು. ಕ್ಲಿಪ್ಪಿಗೆ ತಂತಿಯನ್ನು ಬರೀ ಬೆಸುಗೆಯಿಂದ ಸೇರಿಸಬೇಡಿ: ಸಾಮಾನ್ಯ ಸೀಸ–ತವರದ ಬೆಸುಗೆ 183 ಡಿಗ್ರಿಗೆ ಕರಗಲು ಶುರುವಾಗುತ್ತದೆ, ಮೋಟಾರಿನ ಜ್ವಾಲೆ ಅದಕ್ಕಿಂತ ಎಷ್ಟೋ ಬಿಸಿ. ಮೊದಲು ಕ್ರಿಂಪ್ ಮಾಡಿ (ಲೋಹದ ತೋಳಿನಲ್ಲಿಟ್ಟು ಅಮುಕಿ ಕೂರಿಸಿ) ಅಥವಾ ಸ್ಕ್ರೂ ಬಿಗಿಯಿರಿ, ಆಮೇಲೆ ಬೇಕಾದರೆ ಬೆಸುಗೆ. ತಂತಿಯನ್ನು ಪ್ಯಾಡಿನ ಕಾಲಿಗೆ ಕಟ್ಟಿ ಸ್ವಲ್ಪ ಸಡಿಲ ಬಿಡಿ. ತಂತಿಯ ಭಾರಕ್ಕೆ ಇಗ್ನೈಟರ್ ಜಗ್ಗಿ ಹೊರಬರುವುದೂ ಮಿಸ್‌ಫೈರಿಗೆ, ಅಂದರೆ ಗುಂಡಿ ಒತ್ತಿದರೂ ರಾಕೆಟ್ ಹೊತ್ತಿಕೊಳ್ಳದಿರುವುದಕ್ಕೆ, ದೊಡ್ಡ ಕಾರಣವೇ. ಎರಡು ಕ್ಲಿಪ್ ಪರಸ್ಪರ ತಾಗಿದರೆ ಅಥವಾ ಎರಡೂ ಜ್ವಾಲೆಯನ್ನು ತಡೆಯುವ ತಗಡಾದ ಬ್ಲಾಸ್ಟ್ ಪ್ಲೇಟಿಗೆ ತಾಗಿದರೆ ಕರೆಂಟು ಇಗ್ನೈಟರನ್ನು ಬಿಟ್ಟು ಅಡ್ಡದಾರಿ ಹಿಡಿಯುತ್ತದೆ. ಆಗಲೂ ಕಂಟಿನ್ಯೂಟಿ ದೀಪ ಉರಿಯುತ್ತಲೇ ಇರುತ್ತದೆ, ನೆನಪಿಡಿ.

ಮಿಸ್‌ಫೈರ್ ಆದಾಗ ಅಮೆರಿಕದ ನ್ಯಾಷನಲ್ ಅಸೋಸಿಯೇಷನ್ ಆಫ್ ರಾಕೆಟ್ರಿಯ ಸುರಕ್ಷತಾ ನಿಯಮ ಸ್ಪಷ್ಟವಾಗಿದೆ: ಕೀಲಿ ತೆಗೆಯಿರಿ ಅಥವಾ ಬ್ಯಾಟರಿಯ ಸಂಪರ್ಕ ಕಳಚಿರಿ, ಕೊನೆಯ ಪ್ರಯತ್ನದಿಂದ 60 ಸೆಕೆಂಡು ಕಾಯಿರಿ, ಅಲ್ಲಿಯವರೆಗೆ ಯಾರನ್ನೂ ಹತ್ತಿರ ಬಿಡಬೇಡಿ. ಮಕ್ಕಳ ಸಾಲು ಉದ್ದವಿದೆ ಎಂಬ ಕಾರಣಕ್ಕೆ ಈ ಒಂದು ನಿಮಿಷವನ್ನು ಕಡಿತ ಮಾಡುವುದು ಸಲ್ಲದು.

ಪ್ರಶ್ನೆ: ನಮ್ಮಲ್ಲಿ ಬ್ಯಾಟರಿ ಪ್ಯಾಡುಗಳ ಹತ್ತಿರವೇ ಇದೆ, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕುವ ಸ್ವಿಚ್) ಮೂಲಕ ಉಡಾವಣೆ. ಹೋದ ತಿಂಗಳು ಮಗಳು ಕ್ಲಿಪ್ ಸಿಕ್ಕಿಸಲು ಹೋದಾಗ ಎರಡು ಕ್ಲಿಪ್ ತಾಗಿ ಕಿಡಿ ಹಾರಿತು. ಕೀಲಿ ತೆಗೆದೇ ಇತ್ತು! ಇದು ಹೇಗೆ ಸಾಧ್ಯ? — ಓದುಗರು, ನಾರ್ತ್ ಕೆರೊಲಿನಾ

ಆ ಕ್ಲಿಪ್ಪಿನ ನಡುವೆ ಇಗ್ನೈಟರ್ ಇದ್ದಿದ್ದರೆ ಮಗಳ ಕೈಯ ಪಕ್ಕದಲ್ಲೇ ಮೋಟಾರು ಹೊತ್ತಿಕೊಳ್ಳುತ್ತಿತ್ತು. ಆ ರಿಲೇ ಪೆಟ್ಟಿಗೆಯನ್ನು ದುರಸ್ತಿಯಾಗುವವರೆಗೆ ಯಾರೂ ಬಳಸಬಾರದು.

ರಿಲೇ ವ್ಯವಸ್ಥೆ ಒಳ್ಳೆಯದೇ. ಬ್ಯಾಟರಿಯಿಂದ ಪ್ಯಾಡಿಗೆ ದಪ್ಪ, ಗಿಡ್ಡ ತಂತಿ ಸಾಕಾಗುವುದರಿಂದ ಇಗ್ನೈಟರಿಗೆ ಪೂರ್ತಿ ಕರೆಂಟು ಸಿಗುತ್ತದೆ. ಕಂಟ್ರೋಲರಿನಿಂದ ಬರುವ ಉದ್ದ ತಂತಿ ರಿಲೇಯ ಸುರುಳಿಗೆ ಬೇಕಾದ ಅಲ್ಪ ಕರೆಂಟು ಹೊತ್ತರಾಯಿತು. ಆದರೆ ಇದಕ್ಕೊಂದು ದೋಷವಿದೆ: ರಾಕೆಟ್ ಮೇಲೆದ್ದ ಕ್ಷಣದಲ್ಲಿ ಕ್ಲಿಪ್ಪುಗಳು ಕೆಳಗೆ ಬಿದ್ದು ಒಂದಕ್ಕೊಂದು ತಾಗುತ್ತವೆ, ಗುಂಡಿಯ ಮೇಲೆ ಬೆರಳು ಇನ್ನೂ ಇರುತ್ತದೆ. ಗಿಡ್ಡ ತಂತಿಯಲ್ಲಿ ಆಗ ಹರಿಯುವ ಕರೆಂಟು ರಿಲೇಯ ತಾಳಿಕೆಯನ್ನು ಎಷ್ಟೋ ಮೀರುತ್ತದೆ. ರಿಲೇಯ ಒಳಗಿನ ಎರಡು ಸಂಪರ್ಕ ಬಿಂದುಗಳು ಕರಗಿ ಬೆಸೆದುಕೊಳ್ಳುತ್ತವೆ. ಆಮೇಲೆ ಗುಂಡಿ ಬಿಟ್ಟರೂ, ಕೀಲಿ ತೆಗೆದರೂ ಆ ಪ್ಯಾಡಿಗೆ ಕರೆಂಟು ಹರಿಯುತ್ತಲೇ ಇರುತ್ತದೆ. ಏಕೆಂದರೆ ನಿಮ್ಮ ಕೀಲಿ ಕಡಿಯುವುದು ಸುರುಳಿಯ ಕರೆಂಟನ್ನು ಮಾತ್ರ.

ಮೂರು ತಿದ್ದುಪಡಿ ಬೇಕೇ ಬೇಕು. ಪ್ರತಿ ಪ್ಯಾಡಿನ ದಾರಿಯಲ್ಲೂ ರಿಲೇಯ ಅಂಕಿಗಿಂತ ಕಡಿಮೆಯ ಕಾರ್ ಫ್ಯೂಸ್: 30 ಆಂಪ್ ರಿಲೇಗೆ 20 ಆಂಪ್ ಫ್ಯೂಸ್ ಹಾಕಿ. ಎರಡನೆಯದು, ರಿಲೇ ಪೆಟ್ಟಿಗೆಯ ಮೇಲೆಯೇ ಬ್ಯಾಟರಿಯನ್ನು ಪೂರ್ತಿ ಕಡಿಯುವ ಒಂದು ಮುಖ್ಯ ಸ್ವಿಚ್. ಪ್ಯಾಡುಗಳ ಬಳಿ ಜನ ಇರುವಷ್ಟು ಹೊತ್ತೂ ಅದು ಆರಿರಬೇಕು. ಎಲ್ಲರೂ ಹಿಂದೆ ಸರಿದ ಮೇಲೆ ಕೊನೆಯವರು ಅದನ್ನು ಹಾಕಿ ಬರಬೇಕು. ಪೆಟ್ಟಿಗೆ ಹತ್ತಿರದ ಪ್ಯಾಡಿನಿಂದಲೂ ಸಾಕಷ್ಟು ದೂರದಲ್ಲಿದ್ದರೆ ಮಾತ್ರ ಇದು ಸರಿ. ಪ್ಯಾಡಿನ ಬುಡದಲ್ಲೇ ಇಟ್ಟರೆ ಸ್ವಿಚ್ ಹಾಕುವವರೇ ಅಪಾಯದಲ್ಲಿರುತ್ತಾರೆ. ಮೂರನೆಯದು, ಯಾವುದೇ ಪ್ಯಾಡಿಗೆ ಕರೆಂಟು ಬಂದರೂ ಕೂಗುವ ಬಜರ್. ಫ್ಯೂಸ್ ಹಾಕಿದ್ದೇವಲ್ಲ ಎಂದು ಉಳಿದೆರಡನ್ನು ಬಿಡಬೇಡಿ. ಫ್ಯೂಸ್ ಸುಡುವಷ್ಟರಲ್ಲಿ ರಿಲೇ ಬೆಸೆದುಕೊಂಡ ಉದಾಹರಣೆಗಳು ಇರುತ್ತವೆ.

ಪರೀಕ್ಷೆ ಸುಲಭ. ಬೆಳಿಗ್ಗೆ ಪ್ಯಾಡುಗಳು ಖಾಲಿಯಿರುವಾಗ ಪ್ರತಿ ಜೋಡಿ ಕ್ಲಿಪ್ಪಿಗೂ 12 ವೋಲ್ಟಿನ ಟೆಸ್ಟ್ ಬಲ್ಬ್ ಹಿಡಿದು ನೋಡಿ: ಮುಖ್ಯ ಸ್ವಿಚ್ ಹಾಕಿ ಕೀಲಿ ಇಲ್ಲದೆ ಒಮ್ಮೆ, ಕೀಲಿ ಹಾಕಿ ಗುಂಡಿ ಒತ್ತದೆ ಇನ್ನೊಮ್ಮೆ. ಎರಡೂ ಸಲ ಬಲ್ಬ್ ಉರಿಯಬಾರದು. ಆಮೇಲೆ ದಿನವಿಡೀ, ಇಗ್ನೈಟರಿಗೆ ಸಿಕ್ಕಿಸುವ ಮುನ್ನ ಪ್ರತಿ ಸಲವೂ ಎರಡು ಕ್ಲಿಪ್ಪನ್ನು ರಾಕೆಟ್ಟಿನಿಂದ ದೂರ ಹಿಡಿದು ಒಂದಕ್ಕೊಂದು ತಾಗಿಸುವ ರೂಢಿಯನ್ನು ಮಕ್ಕಳಿಗೂ ಕಲಿಸಿ. ಕಿಡಿ ಕಂಡರೆ ಕೈಯಲ್ಲಿದ್ದುದನ್ನು ಬಿಟ್ಟು ಹಿಂದೆ ಸರಿದು ದೊಡ್ಡವರನ್ನು ಕರೆಯಬೇಕು. ಮೊದಲು ಮುಖ್ಯ ಸ್ವಿಚ್ ಆರಿಸಿ ಬ್ಯಾಟರಿಯ ಸಂಪರ್ಕ ಕಳಚಿ, ಆಮೇಲೆ ಉಳಿದ ಪ್ಯಾಡುಗಳ ಇಗ್ನೈಟರುಗಳನ್ನು ಬಿಡಿಸಿ.

ಪ್ರಶ್ನೆ: ಕ್ಲಬ್ಬಿನ ಉಕ್ಕಿನ ರಾಡುಗಳು ತುಕ್ಕು ಹಿಡಿದಿವೆ. ಎಣ್ಣೆ ಹಚ್ಚಿ ಇಡಬಹುದೇ? — ಓದುಗರು, ನ್ಯೂಜೆರ್ಸಿ

ಎಣ್ಣೆ ಕೊನೆಗೆ, ಅದೂ ಹೆಸರಿಗೆ ಮಾತ್ರ. ಮಸಿಯ ಮೇಲೆ ಎಣ್ಣೆ ಹಚ್ಚಿದರೆ ಲವಣ ಒಳಗೇ ಉಳಿದು ತುಕ್ಕು ಮುಂದುವರಿಯುತ್ತದೆ, ಎಣ್ಣೆಗೆ ಧೂಳು ಅಂಟಿ ರಾಡು ಒರಟಾಗುತ್ತದೆ. ಮಸಿ ನೀರಿನಲ್ಲಿ ಕರಗುವಂಥದ್ದು. ಆದ್ದರಿಂದ ಮೊದಲು ಒದ್ದೆ ಬಟ್ಟೆಯಿಂದ ಮೇಲಿನಿಂದ ಕೆಳಗೆ ಒರೆಸಿ, ಒಣ ಬಟ್ಟೆಯಿಂದ ತೇವ ತೆಗೆಯಿರಿ, 400 ನಂಬರಿನ ಉಪ್ಪುಕಾಗದ ಅಥವಾ ನವಿರಾದ ಸ್ಟೀಲ್ ವೂಲ್‌ನಿಂದ ಉದ್ದಕ್ಕೂ ಉಜ್ಜಿ. ಅಡ್ಡ ಉಜ್ಜಿದರೆ ಗೀರುಗಳು ಲಗ್ಗನ್ನು, ಅಂದರೆ ರಾಡಿನ ಮೇಲೆ ಜಾರುವ ರಾಕೆಟ್ಟಿನ ಪುಟ್ಟ ಕೊಳವೆಯನ್ನು, ಹಿಡಿಯುತ್ತವೆ. ಆಮೇಲೆ ಸಿಲಿಕೋನ್ ಸ್ಪ್ರೇಯನ್ನು ಬಟ್ಟೆಗೆ ಹಾಕಿ ಆ ಬಟ್ಟೆಯಿಂದ ಒಮ್ಮೆ ಸವರಿದರೆ ಸಾಕು.

ಹೊಸದು ಕೊಳ್ಳುವಾಗ ಸ್ಟೇನ್‌ಲೆಸ್ ಸ್ಟೀಲ್ ತೆಗೆದುಕೊಳ್ಳಿ. ಮಕ್ಕಳ ಸಣ್ಣ ರಾಕೆಟ್ಟಿಗೆ 1/8 ಇಂಚು, ಅಂದರೆ 3.2 ಮಿಲಿಮೀಟರ್, ಮಧ್ಯಮದವುಗಳಿಗೆ 3/16, ಅದಕ್ಕೂ ಭಾರದವುಗಳಿಗೆ 1/4 ಇಂಚು. ತೆಳು ರಾಡಿನ ಮೇಲೆ ಭಾರದ ರಾಕೆಟ್ ಇಟ್ಟರೆ ಏರುವಾಗ ರಾಡು ಬಳುಕಿ ರಾಕೆಟ್ಟನ್ನು ಓರೆಗೆ ಎಸೆಯುತ್ತದೆ. ಆ ಬಳುಕಿನಲ್ಲೇ ರಾಡು ಬಾಗುತ್ತದೆ. ರಾಡು ನೆಟ್ಟಗಿದೆಯೇ ಎಂದು ನೋಡಲು ಗಾಜಿನ ಮೇಜಿನ ಮೇಲೆ ಉರುಳಿಸಿ, ನಡುವೆ ಬೆಳಕಿಂಡಿ ಕಂಡರೆ ಅದನ್ನು ಸಾಲಿನಿಂದ ತೆಗೆದುಹಾಕಿ. ಬಡಿದು ನೆಟ್ಟಗೆ ಮಾಡಿದ ರಾಡನ್ನು ನಾವು ಒಪ್ಪುವುದಿಲ್ಲ. ಎರಡು ತುಂಡಿನ ರಾಡಾದರೆ ಜೋಡಣೆಯಲ್ಲಿ ಉಗುರು ಆಡಿಸಿ ನೋಡಿ. ಉಗುರು ಸಿಕ್ಕಿದರೆ ಲಗ್ ಕೂಡ ಸಿಕ್ಕಿಕೊಳ್ಳುತ್ತದೆ.

ರಾಡಿನ ಮೇಲ್ತುದಿ ಬಗ್ಗಿದವರ ಕಣ್ಣಿಗೆ ಅಪಾಯ. ಬಳಸದಿರುವಾಗ ತುದಿಗೆ ಟೋಪಿ ಹಾಕಬೇಕು, ಇಲ್ಲವೇ ತುದಿ ಕಣ್ಣಿನ ಮಟ್ಟಕ್ಕಿಂತ ಮೇಲಿರಬೇಕು. ಟೋಪಿಗೆ ಕೆಂಪು ರಿಬ್ಬನ್ ಕಟ್ಟಿ, ಉಡಾವಣೆಗೆ ಮುನ್ನ ತೆಗೆಯಲು ಮರೆಯದಂತಾಗುತ್ತದೆ. ರಾಡುಗಳನ್ನು ಎರಡೂ ಕಡೆ ಮುಚ್ಚಳವಿರುವ ಪಿವಿಸಿ ಪೈಪಿನಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ.

ಬ್ಲಾಸ್ಟ್ ಪ್ಲೇಟಿನ ಬಗ್ಗೆಯೂ ಇದೇ ಪತ್ರದಲ್ಲಿ ಕೇಳಿದ್ದೀರಿ. ಉಕ್ಕಿನ ತಗಡೇ ಸರಿ. ನೆಲಹಾಸಿನ ಟೈಲ್ಸ್ ದೊಡ್ಡ ಮೋಟಾರಿಗೆ ಸಿಡಿಯುತ್ತದೆ. ತಗಡಿನ ಒಂದೇ ಜಾಗ ಸವೆಯದಂತೆ ಆಗಾಗ ತಿರುಗಿಸಿ ಹಾಕಿ, ತೂತು ಬಿದ್ದ ದಿನವೇ ಬದಲಿಸಿ, ಕೆಳಗಿನ ಹುಲ್ಲು ಒಣಗಿದ್ದರೆ ನೀರು ಚಿಮುಕಿಸಿ. ನೀರಿನ ಸ್ಪ್ರೇಯರ್ ತುಂಬಿದೆಯೇ, ಅದರ ಪಂಪ್ ಎಳೆಯುತ್ತದೆಯೇ ಎಂದು ಮೊದಲ ರಾಕೆಟ್ಟಿಗೆ ಮುನ್ನವೇ ಒತ್ತಿ ನೋಡಬೇಕು.

ಪ್ರಶ್ನೆ: 1010 ರೈಲ್‌ನಲ್ಲಿ (ರಾಡಿನ ಬದಲು ಬಳಸುವ, ಉದ್ದಕ್ಕೂ ತೋಡಿರುವ ಅಲ್ಯೂಮಿನಿಯಂ ಕಂಬ) ರಾಕೆಟ್ಟಿನ ಬಟನ್ ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ. ಗ್ರೀಸ್ ಹಾಕಿದರೂ ಸರಿಹೋಗಲಿಲ್ಲ. — ಓದುಗರು, ಕೊಲರಾಡೊ

ಗ್ರೀಸ್ ಹಾಕಿದ್ದೇ ಈಗ ಅರ್ಧ ತೊಂದರೆ. ಹಲವು ಕಾಂಪೊಸಿಟ್ ಮದ್ದುಗಳಲ್ಲಿ ಅಲ್ಯೂಮಿನಿಯಂ ಪುಡಿ ಇರುವುದರಿಂದ ಜ್ವಾಲೆಯ ಜೊತೆ ಅದರ ಆಕ್ಸೈಡ್ ಬಂದು ಗಟ್ಟಿ ಹರಳಾಗಿ ಕೂರುತ್ತದೆ. ಆ ಹರಳು ಗ್ರೀಸಿನಲ್ಲಿ ಬೆರೆತರೆ ಉಜ್ಜುವ ಪುಡಿಯಾಗಿ ರೈಲ್ ಮತ್ತು ಬಟನ್ ಎರಡನ್ನೂ ಸವೆಸುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯನ್ನು ಕೋಲಿಗೆ ಸುತ್ತಿ ರೈಲ್‌ನ ತೋಡಿನ ಉದ್ದಕ್ಕೂ ಎಳೆದು ಗ್ರೀಸ್ ಪೂರ್ತಿ ತೆಗೆಯಿರಿ. ಅಂಟಿದ ಹರಳನ್ನು ಮರದ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ಚೂರಿನಿಂದ ಕೆರೆಯಿರಿ. ಸ್ಕ್ರೂಡ್ರೈವರ್ ಹಾಕಿದರೆ ಅಲ್ಯೂಮಿನಿಯಂ ಕಿತ್ತು ಹೊಸ ಮುಳ್ಳೇಳುತ್ತದೆ. ಏಟು ಬಿದ್ದ ಅಂಚನ್ನು ನವಿರಾದ ಅರದಿಂದ ಎರಡು ಮೂರು ಸಲ ಸವರಿ. ಬೇಕಿದ್ದರೆ ಒಣ ಪಿಟಿಎಫ್‌ಇ (ಟೆಫ್ಲಾನ್) ಸ್ಪ್ರೇ, ಅದಕ್ಕಿಂತ ಹೆಚ್ಚಿಲ್ಲ.

ಎರಡು ತುಂಡು ಸೇರಿಸಿದ ರೈಲ್ ಆದರೆ ಜೋಡಣೆಯಲ್ಲಿ ಕೂದಲೆಳೆಯಷ್ಟು ಮೆಟ್ಟಿಲು ಇದ್ದರೂ ಬಟನ್ ಅಲ್ಲಿ ತಡೆಯುತ್ತದೆ. ಬೋಲ್ಟ್ ಸಡಿಲಿಸಿ, ಒಂದು ನೇರ ಪಟ್ಟಿಯನ್ನು ಎರಡೂ ತುಂಡಿಗೆ ಒತ್ತಿ ಹಿಡಿದು ಮತ್ತೆ ಬಿಗಿಯಿರಿ. ಒಂದು ಕೋಲಿಗೆ ಎರಡು ಹೊಸ ಬಟನ್ ಸ್ಕ್ರೂ ಮಾಡಿ ಗೇಜ್ ತಯಾರಿಸಿಟ್ಟುಕೊಳ್ಳಿ. ಪ್ರತಿ ಉಡಾವಣಾ ದಿನದ ಬೆಳಿಗ್ಗೆ ಅದನ್ನು ರೈಲ್‌ನ ಬುಡದಿಂದ ತುದಿಯವರೆಗೆ ಎರಡು ಬೆರಳಿನಿಂದ ಜಾರಿಸಿ. ಗೇಜ್ ಸಲೀಸಾಗಿ ಹೋಗಿಯೂ ಯಾರದಾದರೂ ರಾಕೆಟ್ ಸಿಕ್ಕಿಕೊಂಡರೆ ದೋಷ ಅವರ ಬಟನ್ನಿನದು, ಹೆಚ್ಚಾಗಿ ಸ್ಕ್ರೂ ಅತಿ ಬಿಗಿಯಾಗಿ ಬಟನ್ ಉಬ್ಬಿರುತ್ತದೆ ಅಥವಾ ಎರಡು ಬಟನ್ ಒಂದೇ ಗೆರೆಯಲ್ಲಿರುವುದಿಲ್ಲ.

ಪ್ರಶ್ನೆ: ನವೆಂಬರಿನಿಂದ ಮಾರ್ಚ್‌ವರೆಗೆ ಉಡಾವಣೆ ಇಲ್ಲ. 12 ವೋಲ್ಟಿನ ಸೀಲ್ಡ್ ಲೆಡ್ ಆ್ಯಸಿಡ್ ಬ್ಯಾಟರಿ ಗ್ಯಾರೇಜಿನಲ್ಲಿ ಸಾಯುತ್ತಲೇ ಇದೆ. — ಓದುಗರು, ಮಿನೆಸೋಟ

ಅರ್ಧ ಖಾಲಿಯಾದ ಸ್ಥಿತಿಯಲ್ಲೇ ಇಟ್ಟಿರಬೇಕು. ಲೆಡ್ ಆ್ಯಸಿಡ್ ಬ್ಯಾಟರಿ ಖಾಲಿ ಕೂತರೆ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಹಿಂದಿನ ಕಸುವು ಬರುವುದಿಲ್ಲ. ನಿಮ್ಮ ಚಳಿಗೆ ಇನ್ನೊಂದು ಅಪಾಯವಿದೆ: ಖಾಲಿಯಾದ ಬ್ಯಾಟರಿಯೊಳಗಿನ ದ್ರವ ಹೆಚ್ಚುಕಡಿಮೆ ನೀರೇ ಆಗಿರುವುದರಿಂದ ಹೆಪ್ಪುಗಟ್ಟಿ ಕವಚ ಸೀಳುತ್ತದೆ. ಪೂರ್ತಿ ಚಾರ್ಜ್ ಆದದ್ದು ಆ ಚಳಿಯನ್ನೂ ತಡೆದುಕೊಳ್ಳುತ್ತದೆ.

ಉಡಾವಣೆ ಮುಗಿದ ರಾತ್ರಿಯೇ ಚಾರ್ಜಿಗೆ ಹಾಕಿ. ಚಾರ್ಜರ್ ತೆಗೆದು ಕೆಲವು ಗಂಟೆ ಬಿಟ್ಟು ಅಳೆದಾಗ 12.7 ವೋಲ್ಟ್ ಆಸುಪಾಸು ಇದ್ದರೆ ತುಂಬಿದೆ, 12.4 ಇದ್ದರೆ ಮುಕ್ಕಾಲು, 12.2 ಅಂದರೆ ಅರ್ಧ, 12.0ಕ್ಕೆ ಬಂದರೆ ಮೈದಾನಕ್ಕೆ ಒಯ್ಯಬೇಡಿ. ಚಳಿಗಾಲದಲ್ಲಿ ಮನೆಯೊಳಗಿಟ್ಟು ಮೂರು ತಿಂಗಳಿಗೊಮ್ಮೆ ತುಂಬಿಸಿ. ಕ್ಲಬ್ಬಿನವರು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಬದಲಾಗುವುದಾದರೆ 0 ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಬಾರದು ಎಂಬ ಚೀಟಿಯನ್ನು ಚಾರ್ಜರಿನ ಮೇಲೇ ಅಂಟಿಸಿ. ಯಾವ ಬ್ಯಾಟರಿಯೇ ಆಗಲಿ, ಸಾಗಿಸುವಾಗ ಟರ್ಮಿನಲ್ ಮೇಲೆ ರಬ್ಬರ್ ಟೋಪಿ ಇರಲಿ. ಉಕ್ಕಿನ ರಾಡುಗಳ ಜೊತೆ ಒಂದೇ ಡಬ್ಬಿಯಲ್ಲಿ ಹಾಕಿದರೆ ಕಾರಿನ ಡಿಕ್ಕಿಯಲ್ಲೇ ಬೆಂಕಿ ಹತ್ತಬಹುದು.

ಪ್ರಶ್ನೆ: ಮೂವತ್ತು ಸದಸ್ಯರಿದ್ದೇವೆ. ಸಾಮಾನು ಯಾರು ನೋಡಿಕೊಳ್ಳಬೇಕು ಎಂಬುದೇ ತೀರ್ಮಾನವಾಗುತ್ತಿಲ್ಲ. — ಓದುಗರು, ಕ್ಯಾಲಿಫೋರ್ನಿಯಾ

ಒಬ್ಬರು. ಸಮಿತಿ ಬೇಡ. ಒಂದು ಋತುವಿಗೆ ಒಬ್ಬ ಉಸ್ತುವಾರಿ, ಜೊತೆಗೆ ಮುಂದಿನ ಋತುವಿಗೆ ತಯಾರಾಗುವ ಒಬ್ಬ ಸಹಾಯಕ. ಒರೆಸುವ, ಉಜ್ಜುವ ಕೆಲಸ ಎಲ್ಲರೂ ಮಾಡಲಿ. ಬಳಸಬಹುದು ಅಥವಾ ಬಳಸಬಾರದು ಎಂಬ ಮಾತು ಮಾತ್ರ ಆ ಒಬ್ಬರದೇ ಆಗಿರಲಿ.

ಪ್ರತಿ ಪ್ಯಾಡ್, ಪ್ರತಿ ತಂತಿ ತುಂಡು, ಪ್ರತಿ ರಾಡಿಗೆ ನಂಬರು ಬರೆಯಿರಿ. ಉಡಾವಣಾ ಪುಸ್ತಕದಲ್ಲಿ ರಾಕೆಟ್ಟಿನ ಹೆಸರಿನ ಪಕ್ಕ ಪ್ಯಾಡ್ ನಂಬರನ್ನೂ, ಮಿಸ್‌ಫೈರ್ ಆದರೆ ಇಗ್ನೈಟರ್ ಸುಟ್ಟಿತ್ತೇ ಇಲ್ಲವೇ ಎಂಬುದನ್ನೂ ಬರೆದರೆ ಎರಡೇ ತಿಂಗಳಲ್ಲಿ ಚಿತ್ರ ಸಿಗುತ್ತದೆ. ಸೋಲುಗಳೆಲ್ಲ 3ನೇ ಪ್ಯಾಡಿನಲ್ಲೇ ಆಗಿದ್ದರೆ ಆ ತಂತಿ ಬದಲಿಸಬೇಕು; ಎಲ್ಲ ಪ್ಯಾಡಿನಲ್ಲೂ ಮಧ್ಯಾಹ್ನದ ನಂತರ ಆಗಿದ್ದರೆ ಬ್ಯಾಟರಿ ಸೋಲುತ್ತಿದೆ. ಕೆಟ್ಟ ವಸ್ತುವಿಗೆ ಆ ಕ್ಷಣವೇ ಕೆಂಪು ಪಟ್ಟಿ ಕಟ್ಟಿ ಬೇರೆ ಡಬ್ಬಿಗೆ ಹಾಕಬೇಕು. ‘ಆಮೇಲೆ ನೋಡೋಣ’ ಎಂದು ಅದೇ ಡಬ್ಬಿಗೆ ಎಸೆದ ಕ್ಲಿಪ್ ಮುಂದಿನ ತಿಂಗಳು ಯಾವುದೋ ಮಗುವಿನ ಮೊದಲ ರಾಕೆಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಬಿಡಿಭಾಗದ ಡಬ್ಬಿಯಲ್ಲಿ 20 ಕ್ಲಿಪ್, 4 ತಂತಿ ತುಂಡು, 10 ಫ್ಯೂಸ್, 2 ರಿಲೇ, ಒಂದು ಮಲ್ಟಿಮೀಟರ್, ಅದಕ್ಕೊಂದು ಹೆಚ್ಚುವರಿ ಬ್ಯಾಟರಿ ಇರಲಿ.

ಕಂಟ್ರೋಲರಿನ ಕೀಲಿ ಉಡಾವಣಾ ಅಧಿಕಾರಿಯ ಕೊರಳಲ್ಲಿರಬೇಕು, ಡಬ್ಬಿಯಲ್ಲಲ್ಲ. ಹೆಚ್ಚುವರಿ ಕೀಲಿಯನ್ನು ಮೈದಾನಕ್ಕೇ ತರಬೇಡಿ.

ಪ್ರಶ್ನೆ: ನಮ್ಮ ಶಾಲೆಯ ವಿಜ್ಞಾನ ಸಂಘದಲ್ಲಿ ನೀರಿನ ರಾಕೆಟ್ ಹಾರಿಸುತ್ತೇವೆ. ಪಿವಿಸಿ ಪೈಪಿನ ಲಾಂಚರ್ ಒಂದೇ ಇದೆ, ಆರು ತರಗತಿ ಬಳಸುತ್ತದೆ. ಗಾಳಿ ಸೋರುತ್ತದೆ, ಕೆಲವು ಸಲ ಬಾಟಲಿ ಬಿಡುಗಡೆಯಾಗುವುದೇ ಇಲ್ಲ. — ಶಿಕ್ಷಕಿ, ಧಾರವಾಡ

ಮೇಡಂ, ಮದ್ದು ಇಲ್ಲವೆಂದು ಇದನ್ನು ಹಗುರವಾಗಿ ಕಾಣುವಂತಿಲ್ಲ. ಒತ್ತಡದ ಗಾಳಿ ತುಂಬಿದ ಪಿವಿಸಿ ಒಡೆದರೆ ಚೂಪು ಚೂರುಗಳಾಗಿ ಸಿಡಿಯುತ್ತದೆ, ಬಿಸಿಲಿಗೆ ಬಿದ್ದ ಪೈಪು ವರ್ಷ ಕಳೆದಂತೆ ಪೆಡಸಾಗುತ್ತದೆ. ಲಾಂಚರನ್ನು ಒಳಗೆ ನೆರಳಿನಲ್ಲಿಡಿ, ಬಳಸುವಾಗ ಪೈಪಿಗೆ ದಪ್ಪ ಗೋಣಿಚೀಲ ಸುತ್ತಿ, ಬಣ್ಣ ಮಾಸಿದ್ದರೆ ಅಥವಾ ಕೂದಲೆಳೆಯ ಬಿರುಕು ಕಂಡರೆ ಪೂರ್ತಿ ಬದಲಿಸಿ. ಅಂಟಿಸಿದ ಜೋಡಣೆಗೆ 24 ಗಂಟೆ ಆಗುವವರೆಗೆ ಗಾಳಿ ತುಂಬಬೇಡಿ.

ಸೋರಿಕೆ ಹುಡುಕಲು 20 ಪಿಎಸ್‌ಐ ತುಂಬಿ ಸಾಬೂನು ನೀರು ಸವರಿ, ಗುಳ್ಳೆ ಏಳುವ ಕಡೆ ಸೋರುತ್ತಿದೆ. ಹೆಚ್ಚಾಗಿ ಬಾಟಲಿಯ ಕತ್ತಿನೊಳಗೆ ಕೂರುವ ಓ-ರಿಂಗ್ ಸವೆದಿರುತ್ತದೆ. ಅರ್ಧ ಡಜನ್ ತಂದಿಟ್ಟುಕೊಂಡು ತಿಂಗಳಿಗೊಂದು ಬದಲಿಸಿ. ಅದಕ್ಕೆ ಸಿಲಿಕೋನ್ ಗ್ರೀಸ್ ತುಸುವೇ ಸವರಿ. ಸೈಕಲ್ ಗ್ರೀಸ್, ವ್ಯಾಸಲಿನ್ ಕೆಲವು ಬಗೆಯ ರಬ್ಬರನ್ನು ಉಬ್ಬಿಸುತ್ತವೆ. ಬಾಟಲಿ ಬಿಡುಗಡೆಯಾಗದೆ ಇರಲು ಉಬ್ಬಿದ ಓ-ರಿಂಗ್ ಒಂದು ಕಾರಣ, ಬಾಟಲಿಯ ಕತ್ತನ್ನು ಹಿಡಿದಿಡುವ ಕೇಬಲ್ ಟೈಗಳ ತಲೆ ಒಂದೇ ಎತ್ತರದಲ್ಲಿ ಇಲ್ಲದಿರುವುದು ಇನ್ನೊಂದು.

ಬಹಳ ಲಾಂಚರುಗಳಲ್ಲಿ ಮರೆತುಹೋಗುವ ಭಾಗವೆಂದರೆ ಗಾಳಿ ಹೊರಬಿಡುವ ನಲ್ಲಿ. ಸ್ಕೂಟರಿನ ಟ್ಯೂಬ್‌ಲೆಸ್ ವಾಲ್ವ್ ಗಾಳಿಯನ್ನು ಒಳಗೆ ಬಿಡುತ್ತದೆ, ಹಿಂದೆ ಬಿಡುವುದಿಲ್ಲ. ಬಾಟಲಿ ಸಿಕ್ಕಿಕೊಂಡರೆ ಒತ್ತಡ ಇಳಿಸಲು ದಾರಿಯೇ ಇರುವುದಿಲ್ಲ, ಯಾರೋ ಹತ್ತಿರ ಹೋಗಿ ಅಲುಗಾಡಿಸುತ್ತಾರೆ. ಲಾಂಚರಿನಿಂದ 5 ಮೀಟರ್ ಹೋಸ್ ಎಳೆದು ಅದರ ಕೊನೆಯಲ್ಲಿ ವಾಲ್ವ್ ಇಡಿ, ವಾಲ್ವಿಗೆ ಮುಂಚೆ ಒಂದು ಟಿ ಆಕಾರದ ಜೋಡಣೆ ಹಾಕಿ ಬಾಲ್ ವಾಲ್ವ್ ಕೂರಿಸಿ. ಆಗ ದೂರದಿಂದಲೇ ಗಾಳಿ ಬಿಡಬಹುದು. ತಂಪು ಪಾನೀಯದ 2 ಲೀಟರ್ ಬಾಟಲಿಯನ್ನೇ ಬಳಸಿ, ಕುಡಿಯುವ ನೀರಿನ ತೆಳು ಬಾಟಲಿ ಬೇಡ. ಮೂರನೇ ಒಂದು ಭಾಗ ನೀರು, ಮೀಟರ್ ಇರುವ ಪಂಪಿನಿಂದ 60 ಪಿಎಸ್‌ಐ ಮೀರದಂತೆ ಗಾಳಿ. ನೆಲಕ್ಕೆ ಅಪ್ಪಳಿಸಿ ಬಿಳಿ ಮಡಿಕೆ ಬಿದ್ದ ಬಾಟಲಿಯನ್ನು ಮತ್ತೆ ಹಾರಿಸಬಾರದು.

ಪ್ರಶ್ನೆ: ಕಾಲೇಜಿನ ತಂಡಕ್ಕೆ ಮೊಬೈಲಿನಿಂದ, ವೈಫೈ ಮೂಲಕ ನಡೆಯುವ ಕಂಟ್ರೋಲರ್ ಮಾಡಬೇಕೆಂದಿದ್ದೇವೆ. ಸಲಹೆ ಕೊಡಿ. — ವಿದ್ಯಾರ್ಥಿ, ಬೆಂಗಳೂರು

ಮಾಡಿ, ಆದರೆ ಮೊಬೈಲು ಕೊನೆಯ ಕೊಂಡಿಯಾಗಬಾರದು. ಇಗ್ನೈಟರಿಗೆ ಹೋಗುವ ದಾರಿಯಲ್ಲಿ ಕೈಯಿಂದ ತೆಗೆಯಬಹುದಾದ ಕೀಲಿ, ಅದರ ಜೊತೆ ಸರಣಿಯಲ್ಲಿ, ಬೆರಳು ತೆಗೆದೊಡನೆ ಆರುವ ಗುಂಡಿ ಇರಲೇಬೇಕು. ಸಂಪರ್ಕ ಕಡಿದಾಗ, ಚಿಪ್ ರೀಸೆಟ್ ಆದಾಗ, ಬ್ಯಾಟರಿ ಕುಸಿದಾಗ ರಿಲೇ ತಾನಾಗಿಯೇ ತೆರೆದುಕೊಳ್ಳಬೇಕು. ಕೆಲವು ರಿಲೇ ಬೋರ್ಡುಗಳು ಕರೆಂಟು ಬಂದ ಕ್ಷಣದಲ್ಲಿ ಒಮ್ಮೆ ‘ಟಕ್’ ಎಂದು ಹಾಕಿಕೊಂಡು ಆರುತ್ತವೆ; ಅಷ್ಟು ಹೊತ್ತು ಇ-ಮ್ಯಾಚಿಗೆ (ಅಲ್ಪ ಕರೆಂಟಿಗೇ ಹೊತ್ತಿಕೊಳ್ಳುವ ಇಗ್ನೈಟರ್) ಸಾಕು. ನೂರು ಸಲ ಆನ್–ಆಫ್ ಮಾಡಿ ಬಲ್ಬಿನ ಮೇಲೆ ಪರೀಕ್ಷಿಸಿ.

ಕಂಟಿನ್ಯೂಟಿಗೆ ಎಲ್‌ಇಡಿ ಮತ್ತು 1 ಕಿಲೋಓಮ್ ರೆಸಿಸ್ಟರ್ ಹಾಕಿ, 10 ಮಿಲಿಆಂಪ್ ಆಸುಪಾಸು ಹರಿಯುತ್ತದೆ. ಹಳೆಯ ರೀತಿಯ ಸಣ್ಣ ಬಲ್ಬ್ ಹಾಕಬೇಡಿ: 12 ವೋಲ್ಟ್ 3 ವ್ಯಾಟಿನ ಬಲ್ಬಿನಲ್ಲಿ 250 ಮಿಲಿಆಂಪ್ ಹರಿಯುತ್ತದೆ, ಅರ್ಧ ಆಂಪಿಗೇ ಹೊತ್ತಿಕೊಳ್ಳುವ ಇ-ಮ್ಯಾಚುಗಳಿವೆ. ಪೆಟ್ಟಿಗೆಯ ಮುಚ್ಚಳದ ಒಳಗೆ ಸರ್ಕ್ಯೂಟಿನ ಚಿತ್ರ, ತಂತಿಗಳ ಬಣ್ಣ, ಫ್ಯೂಸಿನ ಅಂಕಿ ಬರೆದು ಅಂಟಿಸಿ. ನೀವು ಓದು ಮುಗಿಸಿ ಹೋದ ಮೇಲೆ ಅದನ್ನು ರಿಪೇರಿ ಮಾಡುವವರು ಮುಂದಿನ ಬ್ಯಾಚಿನವರು. ಮೋಟಾರಿನ ಮದ್ದು ಭಾರತದಲ್ಲಿ ಸ್ಫೋಟಕಗಳ ಕಾಯ್ದೆಯ ವ್ಯಾಪ್ತಿಗೆ ಬರುವುದರಿಂದ ಅದನ್ನು ಕಾಲೇಜಿನ ಮೂಲಕ, ಅನುಮತಿ ಪಡೆದೇ ತರಿಸಬೇಕು. ಅದು ಕೈಗೆ ಬರುವ ತನಕ ಕಂಟ್ರೋಲರಿಗೆ ಕಾರ್ ಬಲ್ಬೇ ಸಾಕು.